ದಂಡ: ಪದದ ಮೂಲ, ಅರ್ಥಗಳು ಮತ್ತು ಜೈನ ಪರಿಭಾಷೆ

ದಂಡ ಎಂಬುದು ಕೋಲು, ಶಿಕ್ಷೆ, ಜುಲ್ಮಾನೆ, ಸೈನ್ಯ, ಅಳತೆ ಮುಂತಾದ ಹಲವು ಅರ್ಥಗಳುಳ್ಳ ಪದ. ಸಂಸ್ಕೃತ ಮತ್ತು ಪ್ರಾಕೃತ ಗ್ರಂಥಗಳಲ್ಲಿಯೂ ಕನ್ನಡದ ಶಾಸನ, ಕಾವ್ಯ ಹಾಗೂ ದಿನಬಳಕೆಯ ಮಾತಿನಲ್ಲಿಯೂ ಇದು ಹೇರಳವಾಗಿ ಕಾಣಸಿಗುತ್ತದೆ. ಜೈನ ಪರಿಭಾಷೆಯಲ್ಲಿ ಈ ಪದಕ್ಕೆ ವಿಶೇಷ ಅರ್ಥವೊಂದಿದೆ. ಮನಸ್ಸು, ಮಾತು ಮತ್ತು ಕಾಯಗಳ ಮೂಲಕ ಜೀವಿಗಳಿಗೆ ಉಂಟುಮಾಡುವ ನೋವನ್ನು ಜೈನಾಗಮಗಳು ದಂಡ ಎಂದು ಕರೆಯುತ್ತವೆ. ಶ್ರಾವಕರ ಹನ್ನೆರಡು ವ್ರತಗಳಲ್ಲಿ ಒಂದಾದ ಅನರ್ಥದಂಡವಿರತಿಯಲ್ಲಿ ಇರುವುದು ಇದೇ ಅರ್ಥ. ಪ್ರವಚನಗಳಲ್ಲಿ ಈ ವ್ರತದ ಹೆಸರು ಕೇಳಿದವರಿಗೆ ‘ಅನ್ಯಾಯದ ಶಿಕ್ಷೆ’ ಅಥವಾ ‘ಸುಮ್ಮನೆ ತೆತ್ತ ದಂಡ’ ಎಂಬ ಅರ್ಥ ಹೊಳೆಯುವುದುಂಟು. ಪದದ ಚರಿತ್ರೆಯನ್ನು ತಿಳಿದರೆ ವ್ರತದ ಆಶಯವೂ ಸ್ಪಷ್ಟವಾಗುತ್ತದೆ.

ಪದದ ಮೂಲ

ದಂಡ ಪದದ ಅತ್ಯಂತ ಹಳೆಯ ಅರ್ಥ ಕೋಲು. ಋಗ್ವೇದದಲ್ಲಿ ದನ ಅಟ್ಟುವ ಕೋಲಿಗೆ ಈ ಹೆಸರು ಬಂದಿದೆ. ಯಾಸ್ಕನ ನಿರುಕ್ತದಲ್ಲಿ ಇದಕ್ಕೆ ಎರಡು ವ್ಯುತ್ಪತ್ತಿಗಳಿವೆ. ‘ಧರಿಸು, ಹಿಡಿ’ ಎಂಬ ಅರ್ಥದ ಧಾತುವಿನಿಂದ ಬಂದದ್ದು ಎಂಬುದು ಒಂದು. ‘ದಮನ’ದಿಂದ, ಅಂದರೆ ಹತೋಟಿಯಲ್ಲಿ ಇಡುವುದರಿಂದ ಬಂದದ್ದು ಎಂಬ ಔಪಮನ್ಯವನ ಮತ ಇನ್ನೊಂದು. ಶಿಕ್ಷೆ ಎಂಬ ಅರ್ಥಕ್ಕೆ ಎರಡನೆಯದು ಹೊಂದುವುದರಿಂದ ಧರ್ಮಸೂತ್ರಗಳ ಕಾಲದಿಂದ ಅದೇ ಹೆಚ್ಚು ಪ್ರಚಾರ ಪಡೆಯಿತು.

ಆಧುನಿಕ ಭಾಷಾ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮರ ಎಂಬ ಅರ್ಥದ ಗ್ರೀಕ್ ಪದ ‘ದೆಂದ್ರೊನ್’ ಜೊತೆ ಇದನ್ನು ಹೋಲಿಸಿದವರಿದ್ದಾರೆ. ದ್ರಾವಿಡ ಭಾಷೆಗಳ ‘ತಂಡು’, ‘ದಂಟು’ ಮೊದಲಾದ ಪದಗಳೊಡನೆ ನಂಟು ಕಂಡವರೂ ಇದ್ದಾರೆ. ಅಡುಗೆಮನೆಯ ದಂಟಿನ ಸೊಪ್ಪಿನ ‘ದಂಟು’ ಈ ಎರಡನೆಯ ಗುಂಪಿಗೆ ಸೇರಿದ್ದು.

ಕೋಲಿನಿಂದ ಉಳಿದ ಅರ್ಥಗಳು ಕವಲೊಡೆದ ಬಗೆ ಸರಳವಾಗಿದೆ. ಕೋಲು ಹಿಡಿದವನಿಗೆ ಅಧಿಕಾರವಿತ್ತು, ಆದ್ದರಿಂದ ಅದು ರಾಜದಂಡವಾಯಿತು. ಕೋಲಿನಿಂದ ಹೊಡೆಯುತ್ತಿದ್ದರು, ಆದ್ದರಿಂದ ಶಿಕ್ಷೆಯಾಯಿತು. ಏಟಿನ ಬದಲು ಹಣ ಕಟ್ಟಿಸಿಕೊಂಡಾಗ ಜುಲ್ಮಾನೆಯಾಯಿತು. ರಾಜನ ಬಲವೆಲ್ಲ ಸೇನೆಯಲ್ಲಿ ಇದ್ದುದರಿಂದ ಸೇನೆಗೂ ಅದೇ ಹೆಸರು ಬಂತು. ಕೋಲಿನಿಂದ ನೆಲ ಅಳೆಯುತ್ತಿದ್ದುದರಿಂದ ಅಳತೆಯಾಯಿತು. ಇಂದಿಗೂ ಬಳಕೆಯಲ್ಲಿರುವ ‘ಮಾನದಂಡ’ದಲ್ಲಿ ಆ ಅರ್ಥ ಉಳಿದಿದೆ. ದೀರ್ಘದಂಡ ನಮಸ್ಕಾರದಲ್ಲಿ ದೇಹವೇ ಕೋಲಿನಂತೆ ನೆಲಕ್ಕೆ ಚಾಚಿಕೊಳ್ಳುತ್ತದೆ.

ಕನ್ನಡದಲ್ಲಿ ದಂಡ

ಕನ್ನಡದಲ್ಲಿ ಸೈನ್ಯ ಎಂಬ ಅರ್ಥಕ್ಕೆ ‘ದಂಡು’ ರೂಢಿಯಾಗಿದೆ. ಬೆಂಗಳೂರಿನ ಕಂಟೋನ್ಮೆಂಟ್ ಪ್ರದೇಶವನ್ನು ಹಳಬರು ಇಂದಿಗೂ ‘ದಂಡು’ ಎಂದೇ ಕರೆಯುತ್ತಾರೆ. ಸೇನಾಪತಿ ‘ದಂಡನಾಯಕ’, ಈ ಪದ ಜನರ ಬಾಯಲ್ಲಿ ‘ದಣ್ಣಾಯಕ’, ‘ದಣಾಯಕ’ ಎಂದಾಯಿತು. ಹೊಸಪೇಟೆ ಬಳಿಯ ಡಣಾಯಕನಕೆರೆಯ ಹೆಸರಿನಲ್ಲಿ ಅದು ಉಳಿದಿದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಜೈನ ಸಮಾಜಕ್ಕೆ ಚಿರಪರಿಚಿತ. ಶ್ರವಣಬೆಳಗೊಳದ ಗೊಮ್ಮಟೇಶ್ವರ ಮೂರ್ತಿಯ ಸುತ್ತಾಲಯವನ್ನು ಕಟ್ಟಿಸಿದವನು ಅವನೇ ಎಂದು ಅಲ್ಲಿನ ಶಾಸನ ತಿಳಿಸುತ್ತದೆ.

ಆಡಳಿತದ ಭಾಷೆಯಲ್ಲಿ ಮ್ಯಾಜಿಸ್ಟ್ರೇಟರಿಗೆ ‘ದಂಡಾಧಿಕಾರಿ’ ಎನ್ನುತ್ತಾರೆ. ತಹಶೀಲ್ದಾರರು ತಾಲ್ಲೂಕು ದಂಡಾಧಿಕಾರಿ, ಜಿಲ್ಲಾಧಿಕಾರಿಗಳು ಜಿಲ್ಲಾ ದಂಡಾಧಿಕಾರಿ. 1860ರ ಭಾರತೀಯ ದಂಡ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಹೀಗೆ ದೇಶದ ಮುಖ್ಯ ಅಪರಾಧ ಕಾನೂನಿನ ಹೆಸರಿನಿಂದ ‘ದಂಡ’ ಹೋಗಿ ‘ನ್ಯಾಯ’ ಬಂತು.

‘ದಂಡಂ ದಶಗುಣಂ’ ಎಂಬ ಮಾತನ್ನು ಏಟು ಕೊಟ್ಟರೇ ಬುದ್ಧಿ ಬರುತ್ತದೆ ಎಂಬ ಅರ್ಥದಲ್ಲಿ ಹೇಳುವುದು ವಾಡಿಕೆ. ಆ ಮಾತು ಬರುವ ಸಂಸ್ಕೃತ ಸುಭಾಷಿತ ಎಣಿಸುವುದು ಊರುಗೋಲಿನ ಹತ್ತು ಉಪಯೋಗಗಳನ್ನು. ಹಕ್ಕಿ, ನಾಯಿ, ಹಾವು, ದನ, ಶತ್ರು ಎದುರಾದಾಗ. ಕೆಸರಿನಲ್ಲಿ, ನೀರಿನಲ್ಲಿ, ಕತ್ತಲಲ್ಲಿ. ಕಣ್ಣು ಕಾಣದವರಿಗೆ ಮತ್ತು ಮುದುಕರಿಗೆ ಕೋಲು ನೆರವಾಗುತ್ತದೆ ಎಂಬುದು ಅದರ ತಾತ್ಪರ್ಯ. ಮಕ್ಕಳಿಗೆ ಅಥವಾ ಶಿಷ್ಯರಿಗೆ ಹೊಡೆಯುವ ಮಾತು ಅದರಲ್ಲಿ ಇಲ್ಲ.

ಆಡುಗನ್ನಡದಲ್ಲಿ ದಂಡ ಎಂದರೆ ವ್ಯರ್ಥ ಎಂಬ ಅರ್ಥವೂ ಇದೆ. ‘ಇವತ್ತಿನ ದಿನ ದಂಡ ಆಯಿತು’, ‘ದುಡ್ಡು ದಂಡ’, ‘ದಂಡಪಿಂಡ’ ಎಂಬ ಮಾತುಗಳು ಎಲ್ಲರಿಗೂ ಗೊತ್ತು. ಪ್ರತಿಫಲವಿಲ್ಲದೆ ಕೈಬಿಟ್ಟು ಹೋಗುವ ಹಣ ಜುಲ್ಮಾನೆ. ಅದರಿಂದಲೇ ಈ ಅರ್ಥ ಬೆಳೆದಂತಿದೆ. ಅನರ್ಥದಂಡ ಎಂಬ ಜೈನ ಪರಿಭಾಷೆಯನ್ನು ಅರಿಯಲು ಈ ಬಳಕೆ ನೆರವಾಗುತ್ತದೆ. ಪ್ರಯೋಜನವೇ ಇಲ್ಲದ ನಷ್ಟ ಎಂಬ ಭಾವ ಎರಡರಲ್ಲಿಯೂ ಇದೆ.

ಹಾ, ಮಾ, ಧಿಕ್: ಪುರಾಣ ಹೇಳುವ ಮೊದಲ ಶಿಕ್ಷೆಗಳು

ಶಿಕ್ಷೆ ಹೇಗೆ ಹುಟ್ಟಿತು ಎಂಬ ಪ್ರಶ್ನೆಗೆ ಜೈನ ಪುರಾಣಗಳಲ್ಲಿ ವಿವರವಾದ ಉತ್ತರವಿದೆ. ರಾಷ್ಟ್ರಕೂಟ ಅಮೋಘವರ್ಷನ ಗುರುಗಳಾಗಿದ್ದ ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣದ ಪ್ರಕಾರ, ಭೋಗಭೂಮಿ ಕೊನೆಗೊಂಡು ಕಲ್ಪವೃಕ್ಷಗಳು ಕ್ಷೀಣಿಸತೊಡಗಿದಾಗ ಜನರಲ್ಲಿ ಭಯ, ಲೋಭ, ಜಗಳಗಳು ತಲೆದೋರಿದವು. ಅವರಿಗೆ ದಾರಿ ತೋರಿದವರು ಕುಲಕರರು ಅಥವಾ ಮನುಗಳು. ತಪ್ಪು ಮಾಡಿದವರಿಗೆ ಅವರು ವಿಧಿಸಿದ್ದು ಮಾತಿನ ದಂಡ:

- ಮೊದಲ ಐವರು ಕುಲಕರರ ಕಾಲದಲ್ಲಿ ಹಾಕಾರ: ‘ಅಯ್ಯೋ, ಎಂಥ ಕೆಲಸ ಮಾಡಿದೆ!’ ಎಂಬ ಉದ್ಗಾರ.
- ನಂತರದ ಐವರ ಕಾಲದಲ್ಲಿ ಅದರ ಜೊತೆಗೆ ಮಾಕಾರ: ‘ಇನ್ನು ಮುಂದೆ ಹೀಗೆ ಮಾಡಬೇಡ’ ಎಂಬ ನಿಷೇಧ.
- ಕೊನೆಯ ಐವರ ಕಾಲದಲ್ಲಿ ಇವೆರಡರ ಜೊತೆಗೆ ಧಿಕ್ಕಾರ: ‘ನಿನಗೆ ನಾಚಿಕೆಯಾಗಬೇಕು’ ಎಂಬ ಛೀಮಾರಿ.

ಇಲ್ಲಿ ಹದಿನಾಲ್ಕನೆಯವರಾದ ನಾಭಿರಾಜರ ನಂತರ ಭಗವಾನ್ ವೃಷಭದೇವರನ್ನು ಹದಿನೈದನೆಯವರೆಂದು ಎಣಿಸಲಾಗಿದೆ. ಸೆರೆ, ವಧೆ ಮೊದಲಾದ ಶರೀರದಂಡವನ್ನು ನಿಯಮಿಸಿದವನು ಭರತ ಚಕ್ರವರ್ತಿ. ಅಷ್ಟರಲ್ಲಿ ಜನರ ದೋಷಗಳು ಪ್ರಬಲವಾಗಿದ್ದವು ಎಂದು ಪುರಾಣ ಕಾರಣ ಕೊಡುತ್ತದೆ.

ಶ್ವೇತಾಂಬರ ಪರಂಪರೆಯಲ್ಲಿಯೂ ಇದೇ ಮೂರು ಮಾತುಗಳಿವೆ. ಏಳು ಕುಲಕರರನ್ನು ಎಣಿಸುವ ಕಡೆ ಮೊದಲ ಇಬ್ಬರಿಗೆ ಹಾಕಾರ, ಮುಂದಿನ ಇಬ್ಬರಿಗೆ ಮಾಕಾರ, ಉಳಿದ ಮೂವರಿಗೆ ಧಿಕ್ಕಾರ. ಸ್ಥಾನಾಂಗ ಸೂತ್ರವು ದಂಡನೀತಿಯನ್ನು ಏಳು ಬಗೆಯಾಗಿ ಹೇಳುತ್ತದೆ: ಹಾಕಾರ, ಮಾಕಾರ, ಧಿಕ್ಕಾರ, ಪರಿಭಾಷಣ (ಗದರಿಕೆ), ಮಂಡಲಬಂಧ (ನಿಗದಿತ ಜಾಗ ಬಿಟ್ಟು ಹೋಗದಂತೆ ತಡೆ), ಚಾರಕ (ಸೆರೆಮನೆ), ಛವಿಚ್ಛೇದ (ಅಂಗಚ್ಛೇದ).

ಈ ಪಟ್ಟಿಯ ಕ್ರಮ ಗಮನಾರ್ಹ. ಮನುಷ್ಯನ ಲಜ್ಜೆ ಸೂಕ್ಷ್ಮವಾಗಿದ್ದಾಗ ‘ಹಾ’ ಎಂಬ ಒಂದು ಅಕ್ಷರವೇ ಸಾಕಾಗಿತ್ತು. ಲಜ್ಜೆ ಕುಂದಿದ ಹಾಗೆಲ್ಲ ಶಿಕ್ಷೆ ಭಾರವಾಯಿತು. ಕಠಿಣ ಶಿಕ್ಷೆಯನ್ನು ಪುರಾಣವು ಸಮಾಜದ ಏಳಿಗೆಯ ಗುರುತೆಂದು ಎಣಿಸಿಲ್ಲ. ಅವಸರ್ಪಿಣಿ ಕಾಲದ ಇಳಿಕೆಯ ಗುರುತಾಗಿ ಇಟ್ಟಿದೆ.

ರಾಜನ ದಂಡ

ಹಾಗೆಂದು ಜೈನ ಗ್ರಂಥಗಳು ರಾಜದಂಡವನ್ನು ಅಲ್ಲಗಳೆಯುವುದಿಲ್ಲ. ದಂಡಧರನಿಲ್ಲದಿದ್ದರೆ ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಮಾತ್ಸ್ಯನ್ಯಾಯ ನಡೆಯುತ್ತದೆ ಎಂಬ ವಿವೇಚನೆ ಆದಿಪುರಾಣದಲ್ಲಿದೆ. ಪ್ರಜೆಗಳಿಂದ ಕರ ಪಡೆಯುವುದನ್ನು ಅದು ಹಾಲು ಕರೆಯುವುದಕ್ಕೆ ಹೋಲಿಸುತ್ತದೆ: ಹಸುವಿಗೆ ನೋವಾಗಬಾರದು.

ಹತ್ತನೆಯ ಶತಮಾನದ ಸೋಮದೇವಸೂರಿಗಳ ನೀತಿವಾಕ್ಯಾಮೃತ ರಾಜನೀತಿಯ ಗ್ರಂಥ. ಇವರ ಯಶಸ್ತಿಲಕ 959ರಲ್ಲಿ ಮುಗಿದದ್ದು ವೇಮುಲವಾಡದ ಚಾಲುಕ್ಯರ ಆಳ್ವಿಕೆಯಲ್ಲಿ. ಕನ್ನಡದ ಆದಿಕವಿ ಪಂಪನಿಗೆ ಆಶ್ರಯವಿತ್ತದ್ದೂ ಅದೇ ಮನೆತನ. ದಂಡವು ವೈದ್ಯಶಾಸ್ತ್ರದಂತೆ ದೋಷವನ್ನು ಶುದ್ಧಿಗೊಳಿಸಲು ಇರುವುದು, ದೋಷಕ್ಕೆ ತಕ್ಕಷ್ಟೇ ದಂಡವಿರಬೇಕು, ದಂಡ ವಿಧಿಸುವುದು ಪ್ರಜಾಪಾಲನೆಗಾಗಿಯೇ ಹೊರತು ಬೊಕ್ಕಸ ತುಂಬಲು ಅಲ್ಲ ಎಂಬುದು ಸೋಮದೇವಸೂರಿಗಳ ನಿಲುವು.

ಸಾಮ, ದಾನ, ಭೇದ, ದಂಡ ಎಂಬ ನಾಲ್ಕು ಉಪಾಯಗಳಲ್ಲಿ ದಂಡವೆಂದರೆ ಯುದ್ಧ. ಭರತ–ಬಾಹುಬಲಿ ಕಥೆ ಈ ಅರ್ಥಕ್ಕೆ ಸಂಬಂಧಿಸಿದ್ದು. ಎರಡೂ ಕಡೆಯ ದಂಡು ಎದುರುಬದುರು ನಿಂತಾಗ, ಅಣ್ಣತಮ್ಮಂದಿರ ವ್ಯಾಜ್ಯಕ್ಕೆ ಸೈನಿಕರು ಸಾಯುವುದೇಕೆ ಎಂದು ಮಂತ್ರಿಗಳು ಆಲೋಚಿಸಿ, ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಂದಲೇ ತೀರ್ಮಾನವಾಗಲಿ ಎಂದು ಗೊತ್ತುಮಾಡಿದರು. ಕಥೆಯಲ್ಲಿ ದಂಡು ಬಂತು, ದಂಡ ನಡೆಯಲಿಲ್ಲ.

ಮನೋದಂಡ, ವಾಗ್ದಂಡ, ಕಾಯದಂಡ

ಆಗಮಗಳಲ್ಲಿ ದಂಡ ಹಿಡಿಯುವವನು ರಾಜನೊಬ್ಬನೇ ಅಲ್ಲ. ಪ್ರತಿಯೊಬ್ಬ ಸಂಸಾರಿ ಜೀವಿಯ ಬಳಿ ಮೂರು ದಂಡಗಳಿವೆ: ಮನೋದಂಡ, ವಾಗ್ದಂಡ ಮತ್ತು ಕಾಯದಂಡ. ಇನ್ನೊಬ್ಬರಿಗೆ ಕೇಡು ಬಯಸುವುದು, ಕಟುವಾಗಿ ಅಥವಾ ಸುಳ್ಳಾಗಿ ನುಡಿಯುವುದು, ದೇಹದಿಂದ ಹಿಂಸಿಸುವುದು ಕ್ರಮವಾಗಿ ಇವುಗಳ ರೂಪ. ಹೊರಗಿನ ಜೀವಿಗೆ ಪೆಟ್ಟು ಬೀಳಲಿ ಬೀಳದಿರಲಿ, ಇವುಗಳಿಂದ ಕರ್ಮಬಂಧವಾಗಿ ಆತ್ಮಕ್ಕೆ ಶಿಕ್ಷೆಯಾಗುವುದರಿಂದಲೂ ಇವು ದಂಡ. ಮನೋಗುಪ್ತಿ, ವಚನಗುಪ್ತಿ, ಕಾಯಗುಪ್ತಿಗಳು ಇವಕ್ಕೆ ಎದುರಾದವು. ಪ್ರತಿಕ್ರಮಣದಲ್ಲಿ ಮೂರೂ ದಂಡಗಳಿಂದ ಹಿಂದೆ ಸರಿಯುವ ಸಂಕಲ್ಪವಿದೆ.

ಈ ಬಳಕೆ ಎಷ್ಟು ಹಳೆಯದು ಎಂಬುದಕ್ಕೆ ಬೌದ್ಧರ ಮಜ್ಝಿಮನಿಕಾಯದ ಉಪಾಲಿ ಸುತ್ತ ಸಾಕ್ಷಿ. ನಿಗಂಠರು, ಅಂದರೆ ಮಹಾವೀರ ಸ್ವಾಮಿಗಳ ಅನುಯಾಯಿಗಳು, ‘ಕರ್ಮ’ ಎನ್ನುವ ಕಡೆ ‘ದಂಡ’ ಎನ್ನುತ್ತಾರೆ ಎಂಬ ಸಂವಾದ ಅದರಲ್ಲಿ ಬರುತ್ತದೆ. ಅಂದರೆ ಆ ಕಾಲದಲ್ಲಿ ಇದು ಜೈನರನ್ನು ಗುರುತಿಸುವ ಪರಿಭಾಷೆಯಾಗಿತ್ತು.

ಸೂತ್ರಕೃತಾಂಗ ಸೂತ್ರವು ಹಿಂಸೆಯ ಉದ್ದೇಶಗಳನ್ನು ವಿಂಗಡಿಸುತ್ತ ಐದು ದಂಡಗಳನ್ನು ಹೆಸರಿಸುತ್ತದೆ:

1. ಅರ್ಥದಂಡ: ತನಗಾಗಿ, ಮನೆಮಂದಿಗಾಗಿ, ಬಾಳುವೆಗಾಗಿ ಮಾಡುವ ಹಿಂಸೆ.
2. ಅನರ್ಥದಂಡ: ಯಾವ ಪ್ರಯೋಜನವೂ ಇಲ್ಲದೆ ಮಾಡುವ ಹಿಂಸೆ.
3. ಹಿಂಸಾದಂಡ: ‘ಇವನು ಹಿಂದೆ ನೋಯಿಸಿದ್ದ’ ಅಥವಾ ‘ಮುಂದೆ ನೋಯಿಸಿಯಾನು’ ಎಂದು ಮಾಡುವ ಹಿಂಸೆ.
4. ಅಕಸ್ಮಾದ್ದಂಡ: ಒಂದಕ್ಕೆ ಗುರಿಯಿಟ್ಟು ಇನ್ನೊಂದನ್ನು ಕೊಲ್ಲುವುದು. ಜಿಂಕೆಗೆ ಬಿಟ್ಟ ಬಾಣ ಹಕ್ಕಿಗೆ ತಾಗುವುದು, ಕಳೆ ಕೊಯ್ಯುವಾಗ ಪೈರು ಕತ್ತರಿಸಿಹೋಗುವುದು ಇದರ ಉದಾಹರಣೆಗಳು.
5. ದೃಷ್ಟಿವಿಪರ್ಯಾಸದಂಡ: ಮಿತ್ರನನ್ನು ಶತ್ರುವೆಂದು, ಕಳ್ಳನಲ್ಲದವನನ್ನು ಕಳ್ಳನೆಂದು ಭ್ರಮಿಸಿ ಹಿಂಸಿಸುವುದು.

ಐದನೆಯದು ಹಳೆಯ ಕಾಲದ ಸಂಗತಿಯಲ್ಲ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಮೊಬೈಲ್ ವದಂತಿಗಳನ್ನು ನಂಬಿ 2018ರಲ್ಲಿ ಭಾರತದ ಹಲವು ರಾಜ್ಯಗಳಲ್ಲಿ ಗುಂಪುಗಳು ಅಮಾಯಕರನ್ನು ಹೊಡೆದು ಕೊಂದವು. ಹೊಡೆದವರು ತಾವು ಶಿಕ್ಷೆ ಕೊಡುತ್ತಿದ್ದೇವೆ ಎಂದುಕೊಂಡಿದ್ದರು. ಆಗಮದ ಭಾಷೆಯಲ್ಲಿ ಅದಕ್ಕೆ ದೃಷ್ಟಿವಿಪರ್ಯಾಸದಂಡ ಎಂದೇ ಹೆಸರು.

ಅನರ್ಥದಂಡವಿರತಿ

ಗೃಹಸ್ಥರು ಅರ್ಥದಂಡವನ್ನು ಪೂರ್ತಿಯಾಗಿ ಬಿಡಲಾರರು. ಬೇಸಾಯ, ವ್ಯಾಪಾರ, ಅಡುಗೆ ಎಲ್ಲದರಲ್ಲಿಯೂ ಅಲ್ಪಸ್ವಲ್ಪ ಹಿಂಸೆ ತಪ್ಪದು. ಬಿಡಲು ಸಾಧ್ಯವಿರುವುದು, ಬಿಟ್ಟರೆ ಯಾರಿಗೂ ಏನೂ ಕಡಮೆಯಾಗದಿರುವುದು ಅನರ್ಥದಂಡ. ಯಾವ ಉಪಕಾರವೂ ಇಲ್ಲದೆ ಪಾಪಕ್ಕೆ ಮಾತ್ರ ಕಾರಣವಾಗುವುದೇ ಅನರ್ಥದಂಡ ಎಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಅರ್ಥ ಮಾಡಿದ್ದಾರೆ. ಇದರಿಂದ ದೂರವಿರುವುದು ಗುಣವ್ರತಗಳಲ್ಲಿ ಒಂದು.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳಿವೆ:

- ಪಾಪೋಪದೇಶ: ಪ್ರಾಣಿಗಳಿಗೆ ಕ್ಲೇಶ ಕೊಡುವ ವ್ಯಾಪಾರ, ಹಿಂಸೆ, ವಂಚನೆಗಳಿಗೆ ಸಲಹೆ ಕೊಡುವುದು.
- ಹಿಂಸಾದಾನ: ಕತ್ತಿ, ಕೊಡಲಿ, ವಿಷ, ಬೆಂಕಿ, ಸರಪಳಿ ಮೊದಲಾದ ಹಿಂಸೆಯ ಸಾಧನಗಳನ್ನು ಕೊಡುವುದು.
- ಅಪಧ್ಯಾನ: ದ್ವೇಷದಿಂದ ಇನ್ನೊಬ್ಬರ ಸಾವು, ಸೆರೆ, ಸೋಲುಗಳನ್ನು ಬಯಸುವುದು.
- ದುಃಶ್ರುತಿ: ರಾಗದ್ವೇಷಗಳನ್ನು ಕೆರಳಿಸಿ ಮನಸ್ಸನ್ನು ಕಲುಷಿತಗೊಳಿಸುವ ಮಾತುಕಥೆಗಳನ್ನು ಕೇಳುವುದು.
- ಪ್ರಮಾದಚರ್ಯೆ: ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಗಿಡ ಕೀಳುವುದು, ಸುಮ್ಮನೆ ಅಲೆಯುವುದು.

ಶ್ವೇತಾಂಬರ ಆಗಮವಾದ ಉಪಾಸಕದಶಾಂಗದಲ್ಲಿ ಆನಂದ ಶ್ರಾವಕನು ದುಃಶ್ರುತಿಯನ್ನು ಬಿಟ್ಟು ಉಳಿದ ನಾಲ್ಕು ಬಗೆಗಳನ್ನು ತ್ಯಜಿಸುವ ವಿವರವಿದೆ. ತತ್ತ್ವಾರ್ಥಸೂತ್ರವು ಈ ವ್ರತದ ಐದು ಅತಿಚಾರಗಳನ್ನು ಹೇಳುತ್ತದೆ: ಕಂದರ್ಪ (ಅಶ್ಲೀಲ ಹಾಸ್ಯ), ಕೌತ್ಕುಚ್ಯ (ಅದರ ಜೊತೆಗೆ ಮೈಯ ಕುಚೇಷ್ಟೆ), ಮೌಖರ್ಯ (ಹರಟೆ, ವಾಚಾಳಿತನ), ಅಸಮೀಕ್ಷ್ಯಾಧಿಕರಣ (ಯೋಚಿಸದೆ ಅಗತ್ಯ ಮೀರಿ ಕೆಲಸ ಹಚ್ಚಿಕೊಳ್ಳುವುದು), ಉಪಭೋಗ-ಪರಿಭೋಗಾನರ್ಥಕ್ಯ (ಬೇಕಾದದ್ದಕ್ಕಿಂತ ಹೆಚ್ಚು ವಸ್ತುಗಳನ್ನು ಕೂಡಿಡುವುದು).

ಇಂದಿನ ಮನೆಗಳಲ್ಲಿ ಈ ಪಟ್ಟಿಗೆ ಉದಾಹರಣೆ ಹುಡುಕಲು ದೂರ ಹೋಗಬೇಕಿಲ್ಲ. ಹರಿಯಬಿಟ್ಟ ನಲ್ಲಿ, ಮದುವೆ ಊಟದ ಎಲೆಯಲ್ಲಿ ಉಳಿದು ಎಸೆಯುವ ಪದಾರ್ಥ, ನಡೆಯುತ್ತ ಸುಮ್ಮನೆ ಕಿತ್ತ ಎಲೆ ಪ್ರಮಾದಚರ್ಯೆ. ಯಾರದೋ ಅಪಘಾತದ ವಿಡಿಯೋ ನೋಡಿ ‘ಹೀಗೇ ಆಗಬೇಕಿತ್ತು’ ಎಂದುಕೊಳ್ಳುವುದು ಅಪಧ್ಯಾನ. ದ್ವೇಷ ಹುಟ್ಟಿಸುವ ಸಂದೇಶವನ್ನು ಕೇಳುವುದು ದುಃಶ್ರುತಿ. ಅದನ್ನು ನಿಜವೋ ಸುಳ್ಳೋ ನೋಡದೆ ಹತ್ತು ಗುಂಪುಗಳಿಗೆ ಕಳಿಸುವುದರಲ್ಲಿ ಪಾಪೋಪದೇಶದ ಅಂಶವೂ ಸೇರಿಕೊಳ್ಳುತ್ತದೆ. ಇವುಗಳಲ್ಲಿ ಯಾವುದೂ ಕಾನೂನಿನ ಕಣ್ಣಿಗೆ ಬೀಳದಿರಬಹುದು, ಯಾರೂ ದಂಡ ಹಾಕದಿರಬಹುದು. ವ್ರತದ ಲೆಕ್ಕದಲ್ಲಿ ಇವೇ ದಂಡ.

ಇತರ ಪಾರಿಭಾಷಿಕ ಅರ್ಥಗಳು

- ದಂಡರತ್ನ: ಚಕ್ರವರ್ತಿಯ ಹದಿನಾಲ್ಕು ರತ್ನಗಳಲ್ಲಿ ಒಂದು. ಭರತನ ಸೇನಾಪತಿ ವಿಜಯಾರ್ಧ ಪರ್ವತದ ಗುಹೆಯ ಬಾಗಿಲನ್ನು ಇದರಿಂದ ತೆರೆದನು. ಸಗರ ಚಕ್ರವರ್ತಿಯ ಮಕ್ಕಳು ಕೈಲಾಸದ ಸುತ್ತ ಕಂದಕ ತೋಡಿದ್ದೂ ಇದರಿಂದಲೇ.
- ದಂಡ (ಅಳತೆ): ನಾಲ್ಕು ಹಸ್ತಗಳಿಗೆ ಒಂದು ದಂಡ. ಇದಕ್ಕೆ ಧನುಷ್ ಎಂದೂ ಹೆಸರು. 2000 ದಂಡಗಳಿಗೆ ಒಂದು ಕ್ರೋಶ. ವೃಷಭದೇವರ ಎತ್ತರ 500 ಧನುಷ್ ಎಂಬುದು ಈ ಲೆಕ್ಕದಲ್ಲಿ.
- ದಂಡ (ಸಮುದ್ಘಾತ): ಕೇವಲಿ ಸಮುದ್ಘಾತದ ಮೊದಲ ಸಮಯದಲ್ಲಿ ಆತ್ಮಪ್ರದೇಶಗಳು ಕೋಲಿನಂತೆ ಮೇಲಕ್ಕೂ ಕೆಳಕ್ಕೂ ಚಾಚಿಕೊಳ್ಳುವ ಸ್ಥಿತಿ. ಅನಂತರ ಕಪಾಟ, ಪ್ರತರ, ಲೋಕಪೂರಣ.
- ದಂಡ (ಉಪಕರಣ): ಶ್ವೇತಾಂಬರ ಮೂರ್ತಿಪೂಜಕ ಸಾಧುಗಳು ವಿಹಾರದಲ್ಲಿ ಹಿಡಿಯುವ ಕೋಲು. ದಿಗಂಬರ ಮುನಿಗಳಿಗೆ ಪಿಂಛಿ ಮತ್ತು ಕಮಂಡಲುಗಳೇ ಉಪಕರಣ.

ದಂಡ ಮತ್ತು ಪ್ರಾಯಶ್ಚಿತ್ತ

ತಪ್ಪಿಗೆ ಪರಿಹಾರವೆಂಬ ಅರ್ಥದಲ್ಲಿ ಈ ಎರಡು ಪದಗಳನ್ನು ಒಂದೇ ಎಂಬಂತೆ ಬಳಸುವುದುಂಟು. ಊರ ಪಂಚರು ಹಣ ಕಟ್ಟಿಸಿಕೊಂಡದ್ದಕ್ಕೂ ಗುರುಗಳು ಉಪವಾಸ ಹೇಳಿದ್ದಕ್ಕೂ ಜನ ‘ದಂಡ’ ಎನ್ನುತ್ತಾರೆ. ಶಾಸ್ತ್ರದಲ್ಲಿ ಇವು ಬೇರೆ. ‘ಪ್ರಾಯ’ ಎಂದರೆ ಅಪರಾಧ, ‘ಚಿತ್ತ’ ಎಂದರೆ ಶುದ್ಧಿ ಎಂಬುದು ಪ್ರಾಯಶ್ಚಿತ್ತ ಪದಕ್ಕೆ ಆಚಾರ್ಯರು ಕೊಟ್ಟ ವಿವರಣೆಗಳಲ್ಲಿ ಒಂದು. ಇದು ಆರು ಅಂತರಂಗ ತಪಸ್ಸುಗಳಲ್ಲಿ ಮೊದಲನೆಯದು.

ತತ್ತ್ವಾರ್ಥಸೂತ್ರದಲ್ಲಿ ಪ್ರಾಯಶ್ಚಿತ್ತ ಒಂಬತ್ತು ಬಗೆ: ಆಲೋಚನ, ಪ್ರತಿಕ್ರಮಣ, ತದುಭಯ, ವಿವೇಕ, ವ್ಯುತ್ಸರ್ಗ, ತಪ, ಛೇದ, ಪರಿಹಾರ, ಉಪಸ್ಥಾಪನೆ. ಮೂಲಾಚಾರದಲ್ಲಿ ಹತ್ತು ಬಗೆಗಳಿವೆ. ಎರಡರಲ್ಲಿಯೂ ಮೊದಲ ಹೆಜ್ಜೆ ಆಲೋಚನ, ಅಂದರೆ ತನ್ನ ತಪ್ಪನ್ನು ತಾನೇ ಗುರುಗಳ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುವುದು. ಗುರುಗಳನ್ನು ಮೊದಲು ಸಂತೋಷಪಡಿಸಿ ಹಗುರ ಪ್ರಾಯಶ್ಚಿತ್ತ ಪಡೆಯಲು ನೋಡುವುದು, ಬೇರೆಯವರು ಕಂಡ ತಪ್ಪನ್ನು ಮಾತ್ರ ಹೇಳುವುದು, ದೊಡ್ಡದನ್ನಷ್ಟೇ ಹೇಳಿ ಚಿಕ್ಕದನ್ನು ಅಡಗಿಸುವುದು ಆಲೋಚನೆಯ ಹತ್ತು ದೋಷಗಳಲ್ಲಿ ಸೇರಿವೆ.

ದಂಡ ವಿಧಿಸಲು ತಪ್ಪನ್ನು ಹಿಡಿಯುವವರೊಬ್ಬರು, ಸಾಬೀತು ಮಾಡುವವರೊಬ್ಬರು ಬೇಕು. ಪ್ರಾಯಶ್ಚಿತ್ತಕ್ಕೆ ತಪ್ಪು ಮಾಡಿದವರೇ ಎದ್ದುಬರಬೇಕು. ದಂಡ ಕಟ್ಟಿದವನು ಅದೇ ತಪ್ಪನ್ನು ಮತ್ತೆ ಮಾಡಲು ಸಿದ್ಧನಿರಬಹುದು. ಮತ್ತೆ ಮಾಡುವುದಿಲ್ಲ ಎಂಬ ನಿರ್ಧಾರವಿಲ್ಲದೆ ಪ್ರಾಯಶ್ಚಿತ್ತ ಪೂರ್ಣವಾಗುವುದಿಲ್ಲ. ಮನೆಯಲ್ಲಿ ಮಕ್ಕಳು ಮಾಡಿದ ತಪ್ಪು ಕಂಡಾಗಲೂ ಈ ವ್ಯತ್ಯಾಸ ಉಪಯೋಗಕ್ಕೆ ಬರುತ್ತದೆ. ಏಟಿನ ಭಯಕ್ಕೆ ಮಗು ತಪ್ಪನ್ನು ಬಚ್ಚಿಡುವುದನ್ನು ಕಲಿಯುತ್ತದೆ. ಹೇಳಿಕೊಂಡರೆ ಕೇಳುವವರಿದ್ದಾರೆ ಎಂದು ಗೊತ್ತಿದ್ದರೆ ಹೇಳಿಕೊಳ್ಳುವುದನ್ನು ಕಲಿಯುತ್ತದೆ. ಮೊದಲ ಕುಲಕರರ ‘ಹಾ’ಕಾರ ಕೆಲಸ ಮಾಡಿದ್ದು ಕೇಳಿದವರಿಗೆ ನಾಚಿಕೆ ಇದ್ದುದರಿಂದ, ಆ ನಾಚಿಕೆ ಉಳಿದಿರುವ ಮನೆಯಲ್ಲಿ ಕೋಲಿನ ಅಗತ್ಯ ಬೀಳುವುದು ಕಡಮೆ.